ಪಾಲಕರ ಸಹಿ

ನಮ್ಮ ಮನೆಯ ಟ್ರಂಕಿನಲ್ಲಿ ಮೂರು ಪ್ರಗತಿಪತ್ರಗಳಿವೆ. ಮೊದಲನೆಯದು ಅಪ್ಪನದು, ಎಪ್ಪತ್ತರ ದಶಕದ್ದು. ಅದರ ಕೊನೆಯ ಅಂಕಣದಲ್ಲಿ ಅಜ್ಜನ ಹೆಬ್ಬೆಟ್ಟಿನ ನೀಲಿ ಗುರುತಿದೆ, ಪಕ್ಕದಲ್ಲಿ ಮಾಸ್ತರರು ಅಜ್ಜನ ಹೆಸರು ಬರೆದಿದ್ದಾರೆ. ಎರಡನೆಯದು ನನ್ನದು. ಅದರಲ್ಲಿ ಅವ್ವನ ಸಹಿ ಇದೆ, ಒಂದೊಂದೇ ಅಕ್ಷರ ಕೂಡಿಸಿ ಬರೆದ ಸಹಿ. ಮೂರನೆಯದು ಅಣ್ಣನ ಮಗಳದು, ಸಿದ್ದಾಪುರ ಪೇಟೆಯ ಶಾಲೆಯೊಂದರ ಎಲ್‌ಕೆಜಿಯದು. ಹೊಳೆಯುವ ಕಾಗದ, ಅತ್ತಿಗೆಯ ಇಂಗ್ಲಿಷ್ ಸಹಿ. ಮೊದಲ ಎರಡರಲ್ಲಿ ‘ಪಾಲಕರ ಸಹಿ’ ಎಂದು ಅಚ್ಚಾಗಿದ್ದ ಜಾಗದಲ್ಲಿ ಮೂರನೆಯದರಲ್ಲಿ ‘ಪೇರೆಂಟ್ಸ್ ಸಿಗ್ನೇಚರ್’ ಎಂದಿದೆ.

ಬೆಂಗಳೂರು ಕಡೆ ‘ಪೋಷಕರು’ ಅನ್ನುವುದನ್ನು ನಮ್ಮಲ್ಲಿ ‘ಪಾಲಕರು’ ಅನ್ನುತ್ತಾರೆ. ಉತ್ತರ ಕನ್ನಡದ ಪ್ರಾಥಮಿಕ ಶಾಲೆಗಳ ಬಗ್ಗೆ ಸಂಶೋಧನೆ ಮಾಡಲು ಹೊರಟಾಗ ನನ್ನ ಕಣ್ಣು ಸುತ್ತೋಲೆ, ವರದಿ, ಕಾಯ್ದೆಗಳ ಮೇಲಿತ್ತು. ಶಿಕ್ಷಣದ ಇತಿಹಾಸವೆಂದರೆ ಸರಕಾರದ ಇತಿಹಾಸ ಎಂದೇ ಅಂದುಕೊಂಡಿದ್ದೆ. ಈ ಮೂರು ಪತ್ರಗಳನ್ನು ಒಟ್ಟಿಗೆ ಇಟ್ಟು ನೋಡಿದ ಮೇಲೆ ಬೇರೆ ಪ್ರಶ್ನೆ ಹುಟ್ಟಿತು. ಕೋಲಸಿರ್ಸಿಯ ಕಡೆಯ ಒಂದು ಚಿಕ್ಕ ಶಾಲೆಗೆ ಮಕ್ಕಳನ್ನು ಕಳಿಸಿದವರು, ಕಳಿಸದೇ ಇದ್ದವರು, ಕಳಿಸಿ ಆಮೇಲೆ ಬಿಡಿಸಿದವರು ಆ ಶಾಲೆಯಿಂದ ಏನನ್ನು ಬಯಸಿದ್ದರು? ಶಾಲೆ ಅವರಿಂದ ಏನನ್ನು ಕೇಳಿತ್ತು?

ನಮ್ಮ ಕಡೆಯ ಶಾಲೆಗಳು ಯಾಕೆ ಚಿಕ್ಕವು ಎಂಬುದನ್ನು ಮೊದಲು ಹೇಳಬೇಕು. ಬಯಲುಸೀಮೆಯಲ್ಲಿ ಊರೆಂದರೆ ಒತ್ತೊತ್ತಾದ ಓಣಿಗಳು, ನಡುವೆ ಶಾಲೆ. ಘಟ್ಟದ ಮೇಲೆ ಹಾಗಲ್ಲ. ಇಲ್ಲಿ ಒಂದು ಕಣಿವೆಗೆ ಒಂದು ಅಡಿಕೆ ತೋಟ, ತೋಟದ ತಲೆಗೆ ನಾಲ್ಕು ಮನೆ, ಆಚೆ ಗದ್ದೆಬಯಲಿನ ಅಂಚಿಗೆ ಇನ್ನಾರು ಮನೆ, ನಡುವೆ ಬೆಟ್ಟ, ಹಳ್ಳ. 2011ರ ಜನಗಣತಿಯಂತೆ ರಾಜ್ಯದಲ್ಲಿ ಚದರ ಕಿಲೋಮೀಟರಿಗೆ 319 ಜನರಿದ್ದರೆ ಉತ್ತರ ಕನ್ನಡದಲ್ಲಿ 140. ಜೂನ್ ತಿಂಗಳಲ್ಲಿ ಶಾಲೆಯೂ ಮಳೆಯೂ ಒಟ್ಟಿಗೇ ಶುರುವಾಗುತ್ತವೆ. ಅಡಿಕೆ ಮರದ ಕಾಲುಸಂಕದ ಮೇಲೆ ಆರು ವರ್ಷದ ಮಗುವನ್ನು ಒಂಟಿಯಾಗಿ ದಾಟಿಸುವ ಧೈರ್ಯ ಯಾವ ತಾಯಿಗೂ ಇರುವುದಿಲ್ಲ. ಹಾಗಾಗಿ ಶಾಲೆ ಹಳ್ಳದ ಈಚೆಗೇ ಬೇಕು. ಹಳ್ಳದ ಈಚೆಗೆ ಇರುವುದು ಹತ್ತಿಪ್ಪತ್ತು ಮಕ್ಕಳು ಮಾತ್ರ. ಇಲ್ಲಿ ಶಾಲೆ ಚಿಕ್ಕದಿರುವುದು ಅದು ಸೋತಿದೆ ಎಂಬುದರ ಗುರುತಲ್ಲ. ನೆಲ ಇದ್ದ ಹಾಗೆ ಶಾಲೆ ಇದೆ, ಅಷ್ಟೆ.

ಇಂಥ ನೆಲಕ್ಕೆ ಸರಕಾರಿ ಶಾಲೆ ಬಂದದ್ದು ಮುಂಬಯಿಯ ದಾರಿಯಿಂದ. 1862ರಲ್ಲಿ ಉತ್ತರ ಕೆನರಾ ಜಿಲ್ಲೆಯನ್ನು ಮದ್ರಾಸ್ ಪ್ರಾಂತದಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಸ್ವಲ್ಪ ಹೊತ್ತಿನಲ್ಲೇ ಮುಂಬಯಿ ಪ್ರಾಂತದಲ್ಲಿ ಭೂಕಂದಾಯದ ಪ್ರತಿ ರೂಪಾಯಿಗೆ ಒಂದಾಣೆಯಂತೆ ಸ್ಥಳೀಯ ಕರ ಬಂತು. ಅದರ ಮೂರನೇ ಒಂದು ಭಾಗ ಶಾಲೆಗೆ, ಉಳಿದದ್ದು ರಸ್ತೆ ಮುಂತಾದ ಕೆಲಸಗಳಿಗೆ. ಅಂದರೆ ಹಳ್ಳಿಯ ಶಾಲೆ ದೊರೆಯ ದಾನವಾಗಿರಲಿಲ್ಲ, ಬೇಸಾಯಗಾರನ ದುಡ್ಡಿನಿಂದ ನಡೆಯುವ ಸಂಸ್ಥೆಯಾಗಿತ್ತು. ಆದರೆ ಇದರೊಳಗೇ ಒಂದು ಅನ್ಯಾಯವೂ ಇತ್ತು. ಕಂದಾಯ ಕಟ್ಟುವವನು ಒಡೆಯ. ಆ ಕಂದಾಯಕ್ಕೆ ಬೇಕಾದ ಭತ್ತ ಬೆಳೆಯುವವನು ಗೇಣಿದಾರ. ಶಾಲೆಯ ಹಣದಲ್ಲಿ ಇಬ್ಬರ ಬೆವರೂ ಇದ್ದರೂ ಹಾಜರಿಯಲ್ಲಿ ಹೆಚ್ಚಾಗಿ ಒಬ್ಬರ ಮಕ್ಕಳೇ ಇರುತ್ತಿದ್ದರು.

ಸರಕಾರಿ ಶಾಲೆಗೂ ಮೊದಲು ಗಾಂವಠಿ ಶಾಲೆಗಳಿದ್ದವು. ಯಾರದೋ ಮನೆಯ ಜಗುಲಿಯೇ ಶಾಲೆ, ಮರಳಿನ ಮೇಲೆ ತಿದ್ದುವುದೇ ಬರವಣಿಗೆ. ಕಲಿಸುವವರಿಗೆ ಊರಿನವರೇ ಅಕ್ಕಿ, ಕಾಯಿ, ಊಟ ಕೊಡುತ್ತಿದ್ದರು. ಮುಂಬಯಿ ಸರಕಾರದ ‘ಕನ್ನಡ ಶಾಲೆ’ ಬಂದ ಮೇಲೂ ಈ ರೂಢಿ ಪೂರ್ತಿ ಹೋಗಲಿಲ್ಲ. ಪರಊರಿನ ಮಾಸ್ತರರಿಗೆ ಉಳಿಯಲು ಜಾಗ ಕೊಡುವುದು, ಹಬ್ಬಕ್ಕೆ ಕರೆಯುವುದು, ಬಾಳೆಗೊನೆ ಕಳಿಸುವುದು ಎಲ್ಲ ಪಾಲಕರ ಕೆಲಸವೇ ಆಗಿತ್ತು. 1923ರ ಮುಂಬಯಿ ಪ್ರಾಥಮಿಕ ಶಿಕ್ಷಣ ಕಾಯ್ದೆ ಶಾಲೆಗಳ ಆಡಳಿತವನ್ನು ಸ್ಥಳೀಯ ಮಂಡಳಿಗಳ ಕೈಗೆ ಕೊಟ್ಟಿತು. ಬಿನ್ನೆತ್ತೆಯಿಂದ ಶುರುವಾಗಿ, ದಾರಿ ಸಿಕ್ಕವರು ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆಯವರೆಗೆ ಹೋಗುತ್ತಿದ್ದರು. ಮುಲ್ಕಿ ಪಾಸಾದವರು ತಾವೇ ಮಾಸ್ತರರಾಗಬಹುದಿತ್ತು. ನಮ್ಮ ಕಡೆಯ ಎಷ್ಟೋ ಮನೆಗಳಿಗೆ ಮೊದಲ ಸಂಬಳ ಬಂದದ್ದು ಈ ಮುಲ್ಕಿಯಿಂದ.

1930ರ ದಶಕದ ಆರಂಭದಲ್ಲಿ ಅಂಕೋಲೆಯ ಜೊತೆಗೆ ಸಿದ್ದಾಪುರ ಭಾಗವೂ ಕರ ನಿರಾಕರಣೆಗೆ ಇಳಿಯಿತು. ಭೂಮಿ, ಮನೆ, ಪಾತ್ರೆಪಗಡೆ ಜಪ್ತಿಯಾದವು. ಜಪ್ತಿಯ ಆಸ್ತಿ ಕೊಂಡವರ ಮನೆಯೆದುರು ಹೆಂಗಸರು ಉಪವಾಸ ಕೂತರು. ಮಾವಿನಗುಂಡಿಯಲ್ಲಿ ಆ ಹೆಂಗಸರ ನೆನಪಿಗೆ ಸ್ಮಾರಕವಿದೆ. 1934ರಲ್ಲಿ ಗಾಂಧೀಜಿ ಈ ಕಡೆ ಬಂದು ಹೋದರು. ಈ ಹೋರಾಟವನ್ನು ಶಾಲೆಯ ಚರಿತ್ರೆಯಲ್ಲಿ ಯಾರೂ ಸೇರಿಸುವುದಿಲ್ಲ. ಆದರೆ ಯೋಚಿಸಿ: ಶಾಲೆಯ ಕರ ಭೂಕಂದಾಯಕ್ಕೆ ಅಂಟಿಕೊಂಡೇ ಬರುತ್ತಿತ್ತು. ಕಂದಾಯ ಕೊಡುವುದಿಲ್ಲ ಎಂದವರು ಶಾಲೆ ಬೇಡ ಎಂದವರಾಗಿರಲಿಲ್ಲ. ಸರಕಾರ ಬೇರೆ, ಶಾಲೆ ಬೇರೆ ಎಂಬ ತಿಳಿವಳಿಕೆ ಅವರಿಗಿತ್ತು. ಸ್ವಾತಂತ್ರ್ಯದ ನಂತರ ಹಳ್ಳಿ ಹಳ್ಳಿಗಳಲ್ಲಿ ಶಾಲೆ ಕಟ್ಟಿದ್ದು ಈ ತಿಳಿವಳಿಕೆಯೇ. ಒಬ್ಬರು ಜಾಗ ಬಿಟ್ಟುಕೊಟ್ಟರು, ಒಬ್ಬರು ಕಂಬಕ್ಕೆ ಮರ ಕೊಟ್ಟರು, ಹಂಚಿಗೆ ವಂತಿಗೆ ಎತ್ತಿದರು, ಏನೂ ಇಲ್ಲದವರು ಮಣ್ಣು ಹೊತ್ತರು. ನಮ್ಮ ಅಜ್ಜ ಮಣ್ಣು ಹೊತ್ತವರ ಪೈಕಿ.

1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1961ರಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾಯ್ದೆ ಬಂತು. ಮಗುವನ್ನು ಶಾಲೆಗೆ ಕಳಿಸುವುದು ಪಾಲಕರ ಕರ್ತವ್ಯ ಎಂದು ಕಾನೂನು ಹೇಳಿತು. ಆದರೆ ನಮ್ಮ ಮನೆಯಲ್ಲಿ ಕಾನೂನಿಗಿಂತ ದೊಡ್ಡದು ಕೊನೆಕೊಯ್ಲು. ಡಿಸೆಂಬರಿನಿಂದ ಅಡಿಕೆ ಸುಲಿಯುವ ಕೆಲಸ, ರಾತ್ರಿಯವರೆಗೂ. ದನ ಕಾಯಲು ಒಬ್ಬ ಹುಡುಗ ಬೇಕೇ ಬೇಕು. ಅಪ್ಪನ ಅಣ್ಣ ಶಾಲೆಗೆ ಹೋಗದೆ ದನ ಕಾದದ್ದರಿಂದ ಅಪ್ಪ ಶಾಲೆಗೆ ಹೋಗಲು ಸಾಧ್ಯವಾಯಿತು. ದೊಡ್ಡಪ್ಪ ಇದನ್ನು ಎಂದೂ ಆಡಿ ತೋರಿಸಲಿಲ್ಲ. ಅಪ್ಪ ಎಂದೂ ಮರೆಯಲಿಲ್ಲ.

ಆ ಕಾಲದ ದಾಖಲಾತಿ ಪುಸ್ತಕಗಳನ್ನು ಯಾವ ಊರಿನಲ್ಲಿ ತೆರೆದರೂ ಅರ್ಧಕ್ಕರ್ಧ ಮಕ್ಕಳು ಜೂನ್ 1ರಂದು ಹುಟ್ಟಿದಂತೆ ಕಾಣುತ್ತದೆ. ಪಾಲಕರು “ಆ ದೊಡ್ಡ ಮಳೆ ಬಂತಲ್ಲ, ಆ ವರ್ಷ” ಎನ್ನುತ್ತಿದ್ದರು, ಮಾಸ್ತರರು ಲೆಕ್ಕ ಹಾಕಿ ಜೂನ್ 1 ಬರೆಯುತ್ತಿದ್ದರು. ಸಂಶೋಧಕರಿಗೆ ಇದು ತಪ್ಪು ಮಾಹಿತಿ. ನನಗೆ ಮಾತ್ರ ಇದರಲ್ಲಿ, ಮಗುವಿನ ತಾರೀಖು ಗೊತ್ತಿಲ್ಲದ ತಂದೆ ಅದರ ಕೈ ಹಿಡಿದು ಶಾಲೆಯ ಬಾಗಿಲವರೆಗೆ ನಡೆದುಬಂದದ್ದು ಕಾಣುತ್ತದೆ.

ಅಜ್ಜ ಎರಡೇ ಮುಖ್ಯ ಕಾಗದಗಳಿಗೆ ಹೆಬ್ಬೆಟ್ಟು ಒತ್ತಿದ್ದು ಎಂದು ಅಪ್ಪ ಹೇಳುತ್ತಾರೆ. ಒಂದು ಈ ಪ್ರಗತಿಪತ್ರ. ಇನ್ನೊಂದು ಭೂನ್ಯಾಯಮಂಡಳಿಗೆ ಕೊಟ್ಟ ಫಾರಂ ನಂಬರ್ 7, ನಮ್ಮ ಕಡೆಯ ಮಾತಿನಲ್ಲಿ ‘ಡಿಕ್ಲರೇಶನ್’. ಹೊಳೆಯಾಚೆ ಸಾಗರ ತಾಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಎದ್ದ ಸುದ್ದಿ ನಮ್ಮವರಿಗೆ ಗೊತ್ತಿತ್ತು. ಉಳುವವನೇ ಒಡೆಯ ಎಂಬುದು ಕಾನೂನಾಗಿ ಮನೆಬಾಗಿಲಿಗೆ ಬಂದದ್ದು 1974ರ ತಿದ್ದುಪಡಿಯಿಂದ. ಆ ಅರ್ಜಿ ತುಂಬಿದವನು ನಾಲ್ಕನೇ ಇಯತ್ತೆ ದಾಟಿದ್ದ ಅಪ್ಪ. ಶಾಲೆಯಿಂದ ಅಜ್ಜನಿಗೆ ಸಿಕ್ಕಿದ್ದೇನು ಎಂದು ಕೇಳಿದರೆ ಉತ್ತರ ಇದು: ತನ್ನ ಕಾಗದವನ್ನು ತನ್ನ ಮನೆಯಲ್ಲೇ ಓದುವ ಒಬ್ಬ ಮಗ.

ಅವ್ವನ ಕಾಲಕ್ಕೆ ಮಾತು ಬದಲಾಯಿತು. 1995ರ ಕೇಂದ್ರ ಯೋಜನೆಯಲ್ಲಿ, ಶೇ 80ರಷ್ಟು ಹಾಜರಾದ ಮಗುವಿಗೆ ತಿಂಗಳಿಗೆ ಮೂರು ಕಿಲೋ ಅಕ್ಕಿ ಸಿಗುತ್ತಿತ್ತು. ಬಿಸಿಯೂಟ 2002ರಲ್ಲಿ ಈಶಾನ್ಯ ಕರ್ನಾಟಕದ ಏಳು ಜಿಲ್ಲೆಗಳಲ್ಲಿ ಶುರುವಾಗಿ, ಮರುವರ್ಷ ಉಳಿದ ಜಿಲ್ಲೆಗಳಿಗೆ ಬಂತು. ನಾನು ಒಂದನೇ ತರಗತಿಗೆ ಸೇರಿದ್ದು ಆಗಲೇ. ಸಾರಿನ ಪರಿಮಳ ಮಗ್ಗಿಯ ಜೊತೆಗೇ ನೆನಪಾಗುತ್ತದೆ. ಕೆಲವು ಮನೆಗಳ ಮಕ್ಕಳು ಊಟದ ಹೊತ್ತಿಗೆ ಮನೆಗೆ ಹೋಗಿಬರುತ್ತಿದ್ದರು. ಯಾಕೆ ಎಂದು ಯಾರೂ ಹೇಳುತ್ತಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಪಾಲಕರ ಚರಿತ್ರೆ ಬರೆಯುವಾಗ ಇದನ್ನೂ ಬರೆಯಬೇಕು. ಶಾಲೆಗೆ ಮರ ಕೊಟ್ಟ ಕೈಯೇ ಆ ಶಾಲೆಯ ಅನ್ನ ಬೇಡ ಎಂದದ್ದೂ ಉಂಟು.

2001ರ ಏಪ್ರಿಲ್ ತಿಂಗಳ ಸರಕಾರಿ ಆದೇಶದಿಂದ ಪ್ರತಿ ಶಾಲೆಗೂ ಎಸ್‌ಡಿಎಂಸಿ ಬಂದಿತ್ತು. ಒಂಬತ್ತು ಜನ ಪಾಲಕರು ಸದಸ್ಯರು. ಮುಂಬಯಿ ಸರಕಾರಕ್ಕೆ ಕರ ಕೊಟ್ಟು, ಮೈಸೂರು ಸರಕಾರಕ್ಕೆ ಮರ ಕೊಟ್ಟು, ಕೊನೆಗೂ ಪಾಲಕರಿಗೆ ಒಂದು ಕುರ್ಚಿ ಸಿಕ್ಕಿತು. ಅವ್ವ ಸದಸ್ಯೆಯಾದಳು. ಸಭೆಯ ಪುಸ್ತಕಕ್ಕೆ ಹೆಬ್ಬೆಟ್ಟು ಒತ್ತಬಾರದೆಂದು ನನ್ನ ಪಾಟಿಯ ಮೇಲೆ ನನ್ನ ಜೊತೆಗೇ ತನ್ನ ಹೆಸರು ತಿದ್ದಿ ಕಲಿತಳು. ಬಾವಿಗೆ ಕಟ್ಟೆ ಹಾಕಿಸಿದ್ದು, ಅಡುಗೆಯವರ ಪರವಾಗಿ ಮಾತಾಡಿದ್ದು ಅವಳಿಗೆ ಇಂದಿಗೂ ಹೆಮ್ಮೆ. ಅದೇ ಅವ್ವ ಐದನೇ ತರಗತಿ ಮುಗಿಯುತ್ತಲೇ ನನ್ನ ದಾಖಲೆ ತೆಗೆಸುವ ಅರ್ಜಿಗೆ ಅದೇ ಸಹಿ ಹಾಕಿದಳು. ಹತ್ತಿರದ ಹಿರಿಯ ಪ್ರಾಥಮಿಕ ಸರಕಾರಿ ಶಾಲೆಯನ್ನು ದಾಟಿ ನಾನು ಪೇಟೆಯ ಇಂಗ್ಲಿಷ್ ಮಾಧ್ಯಮದ ಶಾಲೆಗೆ ಹೋದೆ.

ಅವಳೊಬ್ಬಳೇ ಅಲ್ಲ. ಪಾಲಕರಿಗೆ ಅಧಿಕಾರ ಸಿಕ್ಕಿದ ದಶಕವೂ ಹಳದಿ ವ್ಯಾನು ಊರೊಳಗೆ ಬಂದ ದಶಕವೂ ಒಂದೇ. ನಾಲ್ಕನೇ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡದಲ್ಲೇ ಕಲಿಸಬೇಕೆಂಬ 1994ರ ಆದೇಶವನ್ನು 2008ರಲ್ಲಿ ಹೈಕೋರ್ಟ್ ಒಪ್ಪಲಿಲ್ಲ, 2014ರಲ್ಲಿ ಸುಪ್ರೀಂ ಕೋರ್ಟ್ ಕೂಡ ಮಾಧ್ಯಮದ ಆಯ್ಕೆ ಪಾಲಕರದು ಎಂದಿತು. ಸರಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದ ಇಂಗ್ಲಿಷ್ ವಿಷಯ ಬಂದದ್ದು 2007ರಲ್ಲಿ. ಅಷ್ಟು ಹೊತ್ತಿಗೆ ಮೊದಲು ಹೊರಡಬಲ್ಲವರು ಹೊರಟಾಗಿತ್ತು. ಶಾಲೆಯ ಕೊರತೆಯನ್ನು ಗಟ್ಟಿ ದನಿಯಲ್ಲಿ ಕೇಳಬಲ್ಲವರೂ ಅವರೇ ಆಗಿದ್ದರು. ಮನೆಗೊಂದೇ ಮಗು, ತರುಣರು ಬೆಂಗಳೂರಿನಲ್ಲಿ, ತೋಟದಲ್ಲಿ ಮುದುಕರು. ಮಕ್ಕಳ ಸಂಖ್ಯೆ ಹೀಗೂ ಇಳಿಯಿತು.

ಈಗ ಅಲ್ಲಿ ಏಳು ಮಕ್ಕಳು. ಶಿಕ್ಷಣ ಹಕ್ಕು ಕಾಯ್ದೆಯಂತೆ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರಿರಬೇಕು. ಇರುವುದು ಒಬ್ಬರು ಅಕ್ಕೋರು. ಅವರು ತರಬೇತಿಗೆ, ಸಭೆಗೆ, ಚುನಾವಣೆಯ ಕೆಲಸಕ್ಕೆ ಹೋದ ದಿನ ಪಾಠ ನಿಲ್ಲುತ್ತದೆ. ಏಳು ಮಕ್ಕಳನ್ನು ಒಟ್ಟಿಗೆ ಕೂರಿಸಿ ಕಲಿಸುವುದು ಅಸಾಧ್ಯವೇನಲ್ಲ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಹುಟ್ಟಿದ ನಲಿ-ಕಲಿ ವಿಧಾನ ಬೇರೆ ಬೇರೆ ಹಂತದ ಮಕ್ಕಳು ಒಂದೇ ಕೋಣೆಯಲ್ಲಿ ತಮ್ಮ ವೇಗದಲ್ಲಿ ಕಲಿಯಲೆಂದೇ ರೂಪಿಸಿದ್ದು. ಚಿಕ್ಕ ಶಾಲೆಗೆ ಅದಕ್ಕಿಂತ ಹೊಂದುವಂಥದ್ದಿಲ್ಲ. ಆದರೆ ಅದಕ್ಕೆ ಇಡೀ ದಿನ ಕೋಣೆಯಲ್ಲಿರುವ ಶಿಕ್ಷಕರು ಬೇಕು. ‘ಮಕ್ಕಳಿಲ್ಲ, ಹಾಗಾಗಿ ಶಿಕ್ಷಕರಿಲ್ಲ’ ಎನ್ನುತ್ತದೆ ಇಲಾಖೆ. ‘ಶಿಕ್ಷಕರಿಲ್ಲ, ಹಾಗಾಗಿ ಮಕ್ಕಳಿಲ್ಲ’ ಎನ್ನುತ್ತಾರೆ ಪಾಲಕರು. ಎರಡೂ ನಿಜ. ವಿಲೀನದ ಮಾತು ಹುಟ್ಟುವುದು ಈ ಎರಡು ನಿಜಗಳ ನಡುವೆ. ವಿಲೀನವಾದರೆ ಆ ಏಳು ಮಕ್ಕಳು ಹಳ್ಳ ದಾಟಬೇಕು. ಏಳರಲ್ಲಿ ಒಬ್ಬರ ಮನೆಯಲ್ಲೂ ಸ್ಕೂಟರ್ ಇಲ್ಲ.

ಕಳೆದ ತಿಂಗಳು ಊರಿಗೆ ಹೋದಾಗ ಎಸ್‌ಡಿಎಂಸಿಯ ಈಗಿನ ಅಧ್ಯಕ್ಷೆ ನಮ್ಮ ಮನೆಗೆ ಬಂದಿದ್ದರು. ತೋಟದ ಕೂಲಿಗೆ ಹೋಗುವವರು. ಜಗುಲಿಯಲ್ಲಿ ಕೂತು ನೀರು ಕುಡಿದು, ಅಣ್ಣನ ಮಗಳ ಕಡೆ ನೋಡಿ, “ಇವಳೊಬ್ಬಳು ಬಂದ್ರೆ ಎಂಟಾಗ್ತಿತ್ತು ನೋಡಿ” ಅಂದರು. ಬೇಡುವ ದನಿಯಲ್ಲ, ಲೆಕ್ಕ ಹೇಳುವ ದನಿ.

ಅವರು ಹೋದ ಮೇಲೆ ನಾನು ಅತ್ತಿಗೆಗೆ ನನ್ನ ಸಂಶೋಧನೆಯನ್ನೆಲ್ಲ ಹೇಳಿದೆ. ಒಂದಾಣೆ ಕರ, ಹಂಚಿನ ವಂತಿಗೆ, ಅಜ್ಜ ಹೊತ್ತ ಮಣ್ಣು. ಅತ್ತಿಗೆ ಸಮಾಧಾನದಿಂದ ಕೇಳಿ, “ಎಲ್ಲ ಸರಿ. ನಿನ್ನ ದಾಖಲೆ ತೆಗೆಸುವಾಗ ಯಾರೂ ಹೀಗೆ ಕೂತು ಚರಿತ್ರೆ ಹೇಳ್ಲಿಲ್ಲ ಅಲ್ವಾ? ಹೇಳಿದ್ರೆ ನೀನು ಈಗ ಪಿಎಚ್.ಡಿ. ಮಾಡ್ತಿದ್ಯಾ?” ಎಂದಳು. ಅವ್ವ ಒಳಗಿನಿಂದ ಏನೂ ಹೇಳಲಿಲ್ಲ.

ನನ್ನ ಬಳಿ ಉತ್ತರವಿರಲಿಲ್ಲ. ನೂರೈವತ್ತು ವರ್ಷ ಈ ಶಾಲೆಗಳು ಪಾಲಕರಿಂದ ಕೇಳಿದ್ದು ಕರ, ಮರ, ಮೈಬೆವರು. ಅವನ್ನು ಕೊಟ್ಟವರಿಗೆ ಮಗುವಿನ ಭವಿಷ್ಯವನ್ನು ಪಣಕ್ಕಿಡಬೇಕಾಗಿರಲಿಲ್ಲ. ಈಗ ಶಾಲೆಗೆ ಬೇಕಾಗಿರುವುದು ಮಗುವೇ. ಮೊದಲ ಹೆಜ್ಜೆ ಇಡಬೇಕಾದವರು ಪಾಲಕರು ಎಂದು ಹೇಳುವುದು ಸುಲಭ. ಎರಡನೇ ಶಿಕ್ಷಕರನ್ನು ಕೊಡಬೇಕಾದವರು ಪಾಲಕರಲ್ಲ.

ಶಾಲೆ ಶುರುವಾಗಲು ಇನ್ನು ಹತ್ತು ದಿನವಿದೆ. ಎರಡು ಅರ್ಜಿಗಳು ಮನೆಯ ಟಿ.ವಿ.ಯ ಪಕ್ಕದಲ್ಲಿವೆ. ನಿನ್ನೆ ಫೋನು ಮಾಡಿದಾಗ ಅಣ್ಣ ಹೇಳಿದ: ಅತ್ತಿಗೆ ಅಧ್ಯಕ್ಷೆಯ ಜೊತೆ ಸಿದ್ದಾಪುರಕ್ಕೆ, ಶಿಕ್ಷಣ ಇಲಾಖೆಯ ಕಚೇರಿಗೆ ಹೋಗಿದ್ದಾಳೆ, ಇನ್ನೊಬ್ಬ ಶಿಕ್ಷಕರನ್ನು ಕೇಳಲು. ಮನವಿಯ ಕೆಳಗೆ ಏಳು ಮಕ್ಕಳ ಪಾಲಕರು ಸಹಿ ಮಾಡಿದ್ದಾರಂತೆ. ಎಂಟನೆಯ ಸಹಿ ಅತ್ತಿಗೆಯದು, ಈ ಸಲ ಕನ್ನಡದಲ್ಲಿ. ಮಗಳು ಎಲ್ಲಿಗೆ ಹೋಗುತ್ತಾಳೆ ಎಂದು ಮಾತ್ರ ಅವಳು ಇನ್ನೂ ಹೇಳಿಲ್ಲ.