ಬ್ರೇಕ್ ಇನ್‌ಸ್ಪೆಕ್ಟರ್

ನಮ್ಮ ಕಡೆ ಮೋಟಾರು ವಾಹನ ನಿರೀಕ್ಷಕರನ್ನು ಆ ಉದ್ದನೆಯ ಸರಕಾರಿ ಹೆಸರಿನಿಂದ ಕರೆಯುವವರು ಕಡಿಮೆ. ಹಳ್ಳಿಯ ಟ್ರ್ಯಾಕ್ಟರಿನವನಿಂದ ಹಿಡಿದು ಪೇಟೆಯ ಲಾರಿ ಮಾಲೀಕನವರೆಗೆ ಅವರು ‘ಬ್ರೇಕ್ ಇನ್‌ಸ್ಪೆಕ್ಟರ್’. ಪದಗಳ ಜಾಡು ಹಿಡಿಯುವುದು ಕನ್ನಡ ಮೇಷ್ಟರ ಚಟವಷ್ಟೆ. ವಾಹನದ ಅಷ್ಟೊಂದು ಅಂಗಗಳಲ್ಲಿ ಜನ ಬ್ರೇಕನ್ನೇ ಆರಿಸಿ ಅಧಿಕಾರಿಗೆ ಬಿರುದಾಗಿ ಕೊಟ್ಟಿದ್ದಾರೆಂದ ಮೇಲೆ, ಪರೀಕ್ಷೆಯ ತಿರುಳು ಯಾವುದೆಂದು ಅವರು ಬಲ್ಲರು ಎಂದಾಯಿತು. ಆದರೆ ಹಳೆಯ ಮೋಟಾರು ಸೈಕಲ್ಲಿನ ಬ್ರೇಕು ಆ ಇನ್‌ಸ್ಪೆಕ್ಟರರ ಕಣ್ಣಿಗೆ ಬೀಳುತ್ತದೆಯೇ?

ಈ ಪ್ರಶ್ನೆಯನ್ನು ನನ್ನ ತಲೆಗೆ ಹೊಕ್ಕಿಸಿದ್ದು ನಮ್ಮ ತಂದೆಯವರ ೧೯೭೨ರ ಜಾವಾ. ಮೈಸೂರಿನ ಯಾದವಗಿರಿಯ ಕಾರ್ಖಾನೆಯಲ್ಲಿ ೧೯೬೧ರಿಂದ ತಯಾರಾಗುತ್ತಿದ್ದ, ೧೯೭೩ರಲ್ಲಿ ಯೆಜ್ದಿ ಎಂದು ಹೆಸರು ಬದಲಿಸಿಕೊಂಡ, ೧೯೯೬ರಲ್ಲಿ ಕಾರ್ಖಾನೆಯೇ ಬಾಗಿಲು ಹಾಕಿದ ಮೇಲೂ ಊರಿನ ಬೀದಿಗಳಲ್ಲಿ ಸದ್ದು ಅಡಗದ ಗಾಡಿ ಅದು. ಕೆಲವು ವರ್ಷಗಳ ಹಿಂದೆ ಅದರ ನೋಂದಣಿಯ ನವೀಕರಣಕ್ಕೆ ಹೋಗಿದ್ದೆ. ಅಧಿಕಾರಿ ಚಾಸಿಸ್ ಸಂಖ್ಯೆಯ ಮೇಲೆ ಕಾಗದವಿಟ್ಟು ಪೆನ್ಸಿಲು ಉಜ್ಜಿಸಿದರು, ಹಾರ್ನು ಹೊಡೆಸಿದರು, ದೀಪ ಹಾಕಿಸಿದರು, ಸಹಿ ಮಾಡಿದರು. ಎಲ್ಲ ಸೇರಿ ಐದು ನಿಮಿಷ. ಅದಾದ ಒಂದು ವಾರಕ್ಕೆ ಇಳಿಜಾರಿನಲ್ಲಿ ಮುಂದಿನ ಬ್ರೇಕಿನ ಕೇಬಲ್ಲು ಕಡಿದುಹೋಯಿತು. ಹಿಂದಿನ ಬ್ರೇಕೂ ಒಂದು ಮರಳಿನ ಗುಡ್ಡೆಯೂ ಸೇರಿ ನನ್ನನ್ನು ಉಳಿಸಿದವು. ಮೆಕ್ಯಾನಿಕರು ಕೇಬಲ್ಲನ್ನು ಹೊರಗೆಳೆದು ತೋರಿಸಿ, “ನೋಡಿ ಮೇಷ್ಟ್ರೇ, ಮೇಲಿನ ಕವರು ಹೊಸದರ ಹಾಗಿದೆ. ಒಳಗೆ ತಂತಿ ಎಲ್ಲಾ ತುಕ್ಕು ತಿಂದಿದೆ” ಎಂದರು.

ಅಧಿಕಾರಿಯನ್ನು ಬೈಯುವುದು ಸುಲಭ. ನಾನೂ ಮೊದಲು ಅದನ್ನೇ ಮಾಡಿದೆ. ಆಮೇಲೆ ಈ ತಪಾಸಣೆಯೆಂಬ ಪದ್ಧತಿಯ ಪೂರ್ವೋತ್ತರವನ್ನು ಓದತೊಡಗಿದಾಗ, ದೋಷ ಒಬ್ಬ ವ್ಯಕ್ತಿಯದಲ್ಲವೆಂದು ತೋರಿತು.

ಈ ಕಥೆಯ ಒಂದು ಬೇರು ಮೋಟಾರಿಗಿಂತಲೂ ಹಳೆಯದು. ಜರ್ಮನಿಯ ಮಾನ್‌ಹೈಮ್ ಪಟ್ಟಣದ ಮದ್ಯ ತಯಾರಿಕೆಯ ಕಾರ್ಖಾನೆಯೊಂದರಲ್ಲಿ ೧೮೬೫ರಲ್ಲಿ ಉಗಿಯ ಬಾಯ್ಲರು ಸಿಡಿಯಿತು. ಮರುವರ್ಷ ಬಾಯ್ಲರುಗಳ ಒಡೆಯರೇ ಕೂಡಿ, ತಮ್ಮ ಬಾಯ್ಲರುಗಳನ್ನು ತಜ್ಞರಿಂದ ಕಾಲಕಾಲಕ್ಕೆ ಪರೀಕ್ಷೆ ಮಾಡಿಸುವ ಸಂಘವೊಂದನ್ನು ಕಟ್ಟಿದರು. ಇಂದು ಟ್ಯೂಫ್ ಎಂಬ ಹೆಸರಿನಿಂದ ಪ್ರಸಿದ್ಧವಾಗಿರುವ ಪರೀಕ್ಷಾ ಸಂಸ್ಥೆಗಳು ಇಂಥ ಸಂಘಗಳಿಂದ ಬೆಳೆದವು. ೧೯೫೧ರಲ್ಲಿ ಜರ್ಮನಿ ವಾಹನಗಳಿಗೆ ನಿಯತಕಾಲಿಕ ತಪಾಸಣೆಯನ್ನು ಕಡ್ಡಾಯ ಮಾಡಿದಾಗ ಅದಕ್ಕೆ ಸಿದ್ಧವಾದ ಕೈಗಳು ಇದ್ದವು. ೧೯೬೧ರಿಂದ ನಂಬರು ಫಲಕದ ಮೇಲೆ ದುಂಡನೆಯ ಚೀಟಿಯೂ ಬಂತು. ಇಲ್ಲಿ ಗಮನಿಸಬೇಕಾದದ್ದು, ಈ ಸಂಸ್ಥೆ ಗಾಡಿಯನ್ನು ಪರೀಕ್ಷಿಸುತ್ತದೆಯೇ ಹೊರತು ರಿಪೇರಿ ಮಾಡುವುದಿಲ್ಲ. ತಪ್ಪು ಕಂಡುಹಿಡಿದರೆ ಅದಕ್ಕೆ ಲಾಭವಿಲ್ಲ, ಬಿಟ್ಟರೂ ಲಾಭವಿಲ್ಲ.

ಇಂಗ್ಲೆಂಡಿನವರು ಬೇರೆ ದಾರಿ ಹಿಡಿದರು. ೧೯೫೬ರ ರಸ್ತೆ ಸಂಚಾರ ಕಾಯಿದೆಯ ಬಲದಿಂದ, ಅರ್ನೆಸ್ಟ್ ಮಾರ್ಪಲ್ಸ್ ಸಾರಿಗೆ ಮಂತ್ರಿಯಾಗಿದ್ದಾಗ, ೧೯೬೦ರಲ್ಲಿ ಅಲ್ಲಿನ ‘ಎಂ.ಓ.ಟಿ.’ ಪರೀಕ್ಷೆ ಆರಂಭವಾಯಿತು. ಹತ್ತು ವರ್ಷ ದಾಟಿದ ವಾಹನಗಳ ಬ್ರೇಕು, ದೀಪ, ಸ್ಟಿಯರಿಂಗು, ಇಷ್ಟನ್ನೇ ಆಗ ನೋಡುತ್ತಿದ್ದರು. ನಪಾಸಾದವು ಎಷ್ಟು ಹೆಚ್ಚಿದವೆಂದರೆ ಮರುವರ್ಷವೇ ವಯಸ್ಸಿನ ಮಿತಿ ಏಳಕ್ಕೆ ಇಳಿಯಿತು, ೧೯೬೭ರಲ್ಲಿ ಮೂರಕ್ಕೆ. ಪರೀಕ್ಷೆಯ ಕೆಲಸವನ್ನು ಅಲ್ಲಿ ಪರವಾನಗಿ ಪಡೆದ ಗ್ಯಾರೇಜುಗಳಿಗೇ ಒಪ್ಪಿಸಿದರು. ಪರೀಕ್ಷಿಸುವವನೇ ರಿಪೇರಿಯ ಬಿಲ್ಲನ್ನೂ ಬರೆಯಬಹುದು. ಮನೆಪಾಠ ಹೇಳಿದ ಮೇಷ್ಟರೇ ಪರೀಕ್ಷೆಯ ಉತ್ತರಪತ್ರಿಕೆ ತಿದ್ದಿದ ಹಾಗೆ ಎಂದು ನನಗನ್ನಿಸುತ್ತದೆ. ಆದರೂ ಆ ಏರ್ಪಾಡು ಅರುವತ್ತು ವರ್ಷ ದಾಟಿ ನಡೆದಿದೆ.

ಹಳೆಯ ಮೋಟಾರು ಸೈಕಲ್ಲಿನ ತೊಡಕು ಇವೆರಡರಿಂದಲೂ ಬಗೆಹರಿಯಲಿಲ್ಲ. ಎಂ.ಓ.ಟಿ. ಪರೀಕ್ಷಕ ಗಾಡಿಯ ಅಂಗಗಳನ್ನು ಬಿಚ್ಚಿ ನೋಡುವಂತಿಲ್ಲ. ಇಂದಿನ ಡಿಸ್ಕ್ ಬ್ರೇಕಾದರೆ ಬಗ್ಗಿ ನೋಡಿದರೆ ಪ್ಯಾಡು ಎಷ್ಟು ಸವೆದಿದೆಯೆಂದು ಹೇಳಬಹುದು. ಜಾವಾದಂಥ ಗಾಡಿಯ ಡ್ರಮ್ ಬ್ರೇಕಿನಲ್ಲಿ ಲೈನಿಂಗು ಡ್ರಮ್ಮಿನೊಳಗೆ ಅಡಗಿ ಕುಳಿತಿರುತ್ತದೆ. ಬ್ರೇಕನ್ನು ಯಂತ್ರದ ಮೇಲೆ ಅಳೆದರೆ ಅಂದಿನ ಹಿಡಿತ ತಿಳಿಯುತ್ತದೆ. ಲೈನಿಂಗು ಇನ್ನೆಷ್ಟು ದಿನ ಬಾಳೀತೆಂಬುದು ತಿಳಿಯದು. ಕೇಬಲ್ಲಿನ ಒಳತಂತಿಯ ಮಾತೂ ಅಷ್ಟೆ. ಎಂ.ಓ.ಟಿ. ಪತ್ರವು ಪರೀಕ್ಷೆಯ ದಿನದ ಸ್ಥಿತಿಗೆ ಮಾತ್ರ ಸಾಕ್ಷಿ, ಅದರ ಅವಧಿಯುದ್ದಕ್ಕೂ ಅಲ್ಲ ಎಂದು ಬ್ರಿಟಿಷ್ ಸರಕಾರವೇ ಹೇಳುತ್ತದೆ.

ವಿಚಿತ್ರವೆಂದರೆ, ವಯಸ್ಸು ತೀರ ಹೆಚ್ಚಾದಾಗ ಪರೀಕ್ಷೆಯೇ ಮಾಯವಾಗುತ್ತದೆ. ೨೦೧೨ರಲ್ಲಿ ಬ್ರಿಟನ್ನು ೧೯೬೦ಕ್ಕಿಂತ ಮುಂಚಿನ ವಾಹನಗಳಿಗೆ ವಿನಾಯಿತಿ ಕೊಟ್ಟಿತು. ೨೦೧೮ರಲ್ಲಿ, ಹೆಚ್ಚಿನ ಮಾರ್ಪಾಟಿಲ್ಲದೆ ನಲವತ್ತು ವರ್ಷ ದಾಟಿದವಕ್ಕೆ ವಿಸ್ತರಿಸಿತು. ಇಂಥ ಗಾಡಿಗಳನ್ನು ಮಾಲೀಕರು ಮಕ್ಕಳಂತೆ ನೋಡಿಕೊಳ್ಳುತ್ತಾರೆ, ಓಡಿಸುವುದೂ ಕಡಿಮೆ ಎಂಬುದು ಸಮರ್ಥನೆ. ನಿಜವಿರಬಹುದು. ಆದರೆ ನಾನು ಕಂಡಂತೆ ನಮ್ಮ ಅಕ್ಕರೆ ಮೊದಲು ಹರಿಯುವುದು ಟ್ಯಾಂಕಿನ ಹೊಳಪಿನ ಕಡೆಗೆ. ಜರ್ಮನಿ ಈ ವಿಷಯದಲ್ಲಿ ಕಟ್ಟುನಿಟ್ಟು: ೧೯೯೭ರಿಂದ ಮೂವತ್ತು ವರ್ಷ ದಾಟಿದ ವಾಹನಕ್ಕೆ ಗೌರವದ ನಂಬರು ಫಲಕ ಉಂಟು, ಎರಡು ವರ್ಷಕ್ಕೊಮ್ಮೆ ಪರೀಕ್ಷೆಯೂ ಉಂಟು.

ನಮ್ಮ ಸಂಗತಿಗೆ ಬರೋಣ. ೧೯೩೯ರ ಮೋಟಾರು ವಾಹನ ಕಾಯಿದೆ ಯೋಗ್ಯತಾಪತ್ರವನ್ನು ಕೇಳಿದ್ದು ಬಸ್ಸು, ಲಾರಿಗಳಂಥ ಸಾರಿಗೆ ವಾಹನಗಳಿಂದ. ಇಂದಿಗೂ ‘ಎಫ್.ಸಿ. ಮಾಡಿಸುವುದು’ ಲಾರಿಯವರ ಮಾತು. ಸ್ವಂತದ ಮೋಟಾರು ಸೈಕಲ್ಲಿಗೆ ೧೯೮೮ರ ಕಾಯಿದೆ ಹದಿನೈದು ವರ್ಷದ ನೋಂದಣಿಯನ್ನೂ, ಆಮೇಲೆ ಐದೈದು ವರ್ಷದ ನವೀಕರಣವನ್ನೂ ಗೊತ್ತುಪಡಿಸಿತು. ಗಾಡಿಗೆ ವಯಸ್ಸಾದಷ್ಟೂ ಪರೀಕ್ಷೆ ಹತ್ತಿರವಾಗಬೇಕು. ಇಲ್ಲಿ ಅರುವತ್ತು ತಿಂಗಳಿಗೊಮ್ಮೆ ಐದು ನಿಮಿಷ. ೨೦೨೨ರಲ್ಲಿ ನವೀಕರಣದ ಶುಲ್ಕ ಮುನ್ನೂರರಿಂದ ಸಾವಿರ ರೂಪಾಯಿಗೆ ಏರಿತು. ಪೆನ್ಸಿಲು ಹಾಗೂ ಕಾಗದ ಉಜ್ಜಿ ತೆಗೆದದ್ದು ಗಾಡಿಯ ಗುರುತನ್ನು, ಆರೋಗ್ಯವನ್ನಲ್ಲ. ಕಳ್ಳಮಾಲನ್ನು ಹಿಡಿಯಲು ಅದು ಒಳ್ಳೆಯ ಸಾಧನ, ಅಷ್ಟರಮಟ್ಟಿಗೆ ನಂಬಬಹುದು. ಐವತ್ತು ದಾಟಿದ ಗಾಡಿಗಳಿಗೆಂದು ೨೦೨೧ರಲ್ಲಿ ‘ವಿಂಟೇಜ್’ ನೋಂದಣಿಯ ನಿಯಮವೂ ಬಂತು. ಅದನ್ನು ಪಡೆದ ಗಾಡಿ ಪ್ರದರ್ಶನಕ್ಕೆ, ರ‍್ಯಾಲಿಗೆ ಹೋಗಬಹುದು, ದಿನನಿತ್ಯದ ಓಡಾಟಕ್ಕಲ್ಲ.

ನಾನು ಅದಕ್ಕೆ ಅರ್ಜಿ ಹಾಕಿಲ್ಲ, ಕಾಲೇಜಿಗೆ ಹೋಗಬೇಕಲ್ಲ. ವರ್ಷಕ್ಕೆರಡು ಸಲ, ಮಳೆಗಾಲಕ್ಕೆ ಮುಂಚೆ ಮತ್ತು ದಸರೆಯ ಹೊತ್ತಿಗೆ, ಅದೇ ಮೆಕ್ಯಾನಿಕರ ಅಂಗಡಿಯ ಮುಂದೆ ಗಾಲಿ ಬಿಚ್ಚಿಸುತ್ತೇನೆ. ಅವರು ಡ್ರಮ್ಮಿನ ಧೂಳು ಒರಸಿ, ಲೈನಿಂಗಿನ ಮೇಲೆ ಉಗುರಿಟ್ಟು ನೋಡಿ, “ಇನ್ನಾರು ತಿಂಗಳಿಗೆ ಮೋಸ ಇಲ್ಲ ಮೇಷ್ಟ್ರೇ” ಎನ್ನುತ್ತಾರೆ. ಅವರು ಯಾವ ಕಾಗದವನ್ನೂ ಕೊಡುವುದಿಲ್ಲ.