ನೀರಿನ ಅಣುತೂಕ 18 ಆದ ಬಗೆ

ನೀರಿನ ಅಣುವಿನಲ್ಲಿ ಜಲಜನಕದ ಪರಮಾಣುಗಳು ಎರಡು, ಆಮ್ಲಜನಕದ್ದು ಒಂದು. ಅದರ ಅಣುತೂಕ 18. ಇಷ್ಟನ್ನು ಶಾಲೆಯ ಹುಡುಗರೂ ತಡವರಿಸದೆ ಹೇಳಿಯಾರು. ಆದರೆ 1860ರ ತನಕ ಯೂರೋಪಿನ ಹಿರಿಯ ರಸಾಯನಜ್ಞರಲ್ಲಿಯೇ ಈ ಬಗ್ಗೆ ಒಮ್ಮತವಿರಲಿಲ್ಲ. ಒಬ್ಬರ ನೀರು 9 ತೂಗಿದರೆ ಇನ್ನೊಬ್ಬರದು 18. ವಿನಿಗರಿನ ಹುಳಿಗೆ ಕಾರಣವಾದ ಅಸಿಟಿಕ್ ಆಮ್ಲವೊಂದಕ್ಕೇ 19 ಬಗೆಯ ಸೂತ್ರಗಳಿದ್ದುದನ್ನು ಜರ್ಮನಿಯ ಕೆಕುಲೆ ತನ್ನ ಪಠ್ಯಪುಸ್ತಕದಲ್ಲಿ ಪಟ್ಟಿಮಾಡಿ ತೋರಿಸಿದ್ದಾನೆ. ಸಂತೆಗೆ ಬಂದ ವರ್ತಕರೆಲ್ಲ ತಂತಮ್ಮ ಸೇರಿನಲ್ಲೇ ಅಳೆಯತೊಡಗಿದರೆ ವ್ಯಾಪಾರ ನಡೆದೀತೆ?

ಪರಮಾಣುಗಳಿಗೆ ತೂಕ ಕಟ್ಟುವ ಸಾಹಸವನ್ನು ಮೊದಲು ಮಾಡಿದವನು ಇಂಗ್ಲೆಂಡಿನ ಜಾನ್ ಡಾಲ್ಟನ್. ಒಂಟಿ ಪರಮಾಣುವನ್ನು ತಕ್ಕಡಿಯಲ್ಲಿಡುವಂತಿಲ್ಲ. ಆದ್ದರಿಂದ ಜಲಜನಕದ ತೂಕ 1 ಎಂದಿಟ್ಟುಕೊಂಡು ಉಳಿದವನ್ನು ಅದಕ್ಕೆ ಹೋಲಿಸಿದ. ನೀರಿನಲ್ಲಿ 1 ಪಾಲು ಜಲಜನಕಕ್ಕೆ 8 ಪಾಲು ಆಮ್ಲಜನಕವಿದೆ. ಆದರೆ ಎಷ್ಟು ಪರಮಾಣುಗಳಿಗೆ ಎಷ್ಟು? ಸರಳವಾಗಿರಲೆಂದು ಡಾಲ್ಟನ್ ಒಂದಕ್ಕೊಂದು ಎಂದುಬಿಟ್ಟ. ಈ ಲೆಕ್ಕದಲ್ಲಿ ಆಮ್ಲಜನಕ 8, ನೀರು 9. ಅದು ಊಹೆಯೇ ಹೊರತು ಪ್ರಮಾಣವಲ್ಲ.

1808ರಲ್ಲಿ ಫ್ರಾನ್ಸಿನ ಗೇ-ಲುಸಾಕ್ ಬೇರೊಂದು ಸಂಗತಿಯನ್ನು ಮುಂದಿಟ್ಟ. ಎರಡು ಅಳತೆ ಜಲಜನಕ, ಒಂದು ಅಳತೆ ಆಮ್ಲಜನಕ ಕೂಡಿದರೆ ಎರಡು ಅಳತೆ ನೀರಾವಿ ಬರುತ್ತದೆ. ಹಾಗಾದರೆ ಆಮ್ಲಜನಕದ ಒಂದೊಂದು ಕಣವೂ ಇಬ್ಭಾಗವಾಗಿ ಎರಡು ಆವಿಕಣಗಳಲ್ಲಿ ಸೇರಿರಬೇಕು! ಪರಮಾಣು ಒಡೆಯದು ಎಂಬ ಪಟ್ಟು ಹಿಡಿದಿದ್ದ ಡಾಲ್ಟನ್ ಈ ಅಳತೆಗಳನ್ನೇ ಒಪ್ಪಲಿಲ್ಲ.

ಇಟಲಿಯ ಅಮೆಡಿಯೊ ಅವೊಗ್ಯಾಡ್ರೊ ಮೊದಲು ಓದಿದ್ದು ಕಾನೂನು. ಅವನು 1811ರಲ್ಲಿ ಎರಡು ಮಾತು ಹೇಳಿದ. ಒತ್ತಡ, ಉಷ್ಣತೆ ಒಂದೇ ಆಗಿದ್ದರೆ ಯಾವುದೇ ಅನಿಲದ ಒಂದು ಅಳತೆಯಲ್ಲಿ ಇರುವ ಅಣುಗಳ ಸಂಖ್ಯೆ ಒಂದೇ. ಆಮ್ಲಜನಕದ ಅಣು ಒಂಟಿ ಪರಮಾಣುವಲ್ಲ, ಜೋಡಿ. ಒಡೆಯುವುದು ಆ ಜೋಡಿ, ಪರಮಾಣುವಲ್ಲ. ಆದರೆ ಒಂದೇ ಜಾತಿಯ ಪರಮಾಣುಗಳು ಒಂದನ್ನೊಂದು ದೂಡುತ್ತವೆ, ಜೋಡಿಯಾಗಲಾರವು ಎಂಬುದು ಆಗ ರಸಾಯನ ಶಾಸ್ತ್ರವನ್ನು ಆಳುತ್ತಿದ್ದ ಸ್ವೀಡನ್ನಿನ ಬರ್ಜೀಲಿಯಸನ ಮತ. ಹಿರಿಯರ ಮಾತಿನೆದುರು ಅವೊಗ್ಯಾಡ್ರೊವಿನ ಲೇಖನವನ್ನು ಕೇಳುವವರಿಲ್ಲದಾಯಿತು.

ಅವನು 1856ರಲ್ಲಿ ತೀರಿಕೊಂಡ. ನಾಲ್ಕು ವರ್ಷಗಳ ಬಳಿಕ, 1860ರ ಸೆಪ್ಟೆಂಬರಿನಲ್ಲಿ, ಈ ಗೊಂದಲವನ್ನು ಬಗೆಹರಿಸಲು ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಸುಮಾರು 140 ರಸಾಯನಜ್ಞರು ಮೂರು ದಿನ ಸಭೆ ಸೇರಿದರು. ಸಭೆ ಏನನ್ನೂ ತೀರ್ಮಾನಿಸಲಿಲ್ಲ. ಆದರೆ ಹೊರಡುವ ಹೊತ್ತಿಗೆ ಅವರ ಕೈಗೆ ಒಂದು ಕಿರುಹೊತ್ತಗೆ ಬಂತು. ಬರೆದವನು ಸಿಸಿಲಿಯ ಸ್ಟಾನಿಸ್ಲಾವೊ ಕ್ಯಾನಿಜಾರೊ; 1848ರ ಬಂಡಾಯದಲ್ಲಿ ಸೇರಿ ನಾಡು ಬಿಡಬೇಕಾಗಿ ಬಂದಿದ್ದವನು, ಆಗ ಜಿನೋವಾದಲ್ಲಿ ಅಧ್ಯಾಪಕ.

ಅವನ ಯುಕ್ತಿ ಇಷ್ಟೇ. ಸಮಾನ ಅಳತೆಯಲ್ಲಿ ಅಣುಗಳ ಸಂಖ್ಯೆ ಸಮಾನವಾದರೆ, ಅನಿಲಗಳನ್ನು ತೂಗಿದರೆ ಸಾಕು, ಅಣುಗಳನ್ನೇ ತೂಗಿದಂತೆ. ಜಲಜನಕದ ಅಣುವಿಗೆ 2 ಎಂದಿಡೋಣ. ನೀರಾವಿ ಅದರ 9 ಪಟ್ಟು ಭಾರ, ಆದ್ದರಿಂದ 18. ಇದೇ ಲೆಕ್ಕದಲ್ಲಿ ಹೈಡ್ರೋಕ್ಲೋರಿಕ್ ಆಮ್ಲದ ಅನಿಲ 36.5, ಅಮೋನಿಯ 17, ಜೌಗುನೆಲದ ಅನಿಲವಾದ ಮೀಥೇನ್ 16. ಇವುಗಳಲ್ಲಿ ಜಲಜನಕದ ಪಾಲೆಷ್ಟು? ಹೈಡ್ರೋಕ್ಲೋರಿಕ್ ಆಮ್ಲದಲ್ಲಿ 1, ನೀರಿನಲ್ಲಿ 2, ಅಮೋನಿಯದಲ್ಲಿ 3, ಮೀಥೇನಿನಲ್ಲಿ 4. ಎಲ್ಲಿಯೂ 1ಕ್ಕಿಂತ ಕಡಿಮೆಯಿಲ್ಲ, ಅರ್ಧಂಬರ್ಧವೂ ಇಲ್ಲ. ಆ 1 ಎಂಬುದೇ ಪರಮಾಣು. 2 ತೂಗುವ ಜಲಜನಕದ ಅಣುವಿನಲ್ಲಿ ಅಂಥವು ಎರಡು. ಆಮ್ಲಜನಕವನ್ನೂ ಹೀಗೆಯೇ ಪರೀಕ್ಷಿಸಿದರೆ ಸಿಗುವ ಕನಿಷ್ಠ ಪಾಲು 16. ಊಹೆಯ ಜಾಗದಲ್ಲಿ ತಕ್ಕಡಿ ಬಂದು ಕುಳಿತಿತು. ಸಭೆಯಲ್ಲಿದ್ದ ರಷ್ಯದ ಮೆಂಡೆಲೀವ್ 1869ರಲ್ಲಿ ಮೂಲವಸ್ತುಗಳ ಆವರ್ತ ಕೋಷ್ಟಕವನ್ನು ಕಟ್ಟಿದ್ದು ಹೀಗೆ ಸರಿಪಡಿಸಿದ ತೂಕಗಳ ಮೇಲೆಯೇ.

ಅಣುತೂಕದಷ್ಟೇ ಗ್ರಾಂ ವಸ್ತುವಿಗೆ ಮುಂದೆ ಮೋಲ್ ಎಂಬ ಹೆಸರು ಬಂತು. 18 ಗ್ರಾಂ ನೀರು ಒಂದು ಮೋಲ್, 180 ಗ್ರಾಂ ಹತ್ತು ಮೋಲ್. ಈ ಹೆಸರನ್ನು ಬಳಕೆಗೆ ತಂದ ಆಸ್ಟ್‌ವಾಲ್ಡ್ ಬಹುಕಾಲ ಪರಮಾಣುಗಳನ್ನೇ ನಂಬುತ್ತಿರಲಿಲ್ಲ ಎಂಬುದೊಂದು ತಮಾಷೆ! ಒಂದು ಮೋಲಿನಲ್ಲಿ ಅಣುಗಳೆಷ್ಟೆಂದು ನೀರಿನಲ್ಲಿ ತೇಲುವ ಸೂಕ್ಷ್ಮ ಕಣಗಳ ಮೂಲಕ ಲೆಕ್ಕಹಾಕಿದ ಫ್ರಾನ್ಸಿನ ಜೀನ್ ಪೆರಿನ್, 1909ರಲ್ಲಿ ಆ ಸಂಖ್ಯೆಗೆ ಅವೊಗ್ಯಾಡ್ರೊವಿನ ಹೆಸರಿಟ್ಟ. 6ರ ಮುಂದೆ 23 ಸೊನ್ನೆ ಬರೆದರೆ ಸುಮಾರಾಗಿ ಅದೇ. ಅವೊಗ್ಯಾಡ್ರೊ ಅದನ್ನು ಎಂದೂ ಲೆಕ್ಕಹಾಕಿರಲಿಲ್ಲ.