ಹ್ಯಾಂಡೋವರ್

ಹ್ಯಾಂಡೋವರ್ ಎಂದರೆ ಮೊಬೈಲ್ ಬಳಕೆದಾರರು ಚಲಿಸುತ್ತಿರುವಾಗ ಅವರ ಕರೆ ಅಥವಾ ಅಂತರಜಾಲ ಸಂಪರ್ಕವು ಕಡಿಯದಂತೆ ಒಂದು ಸೆಲ್‌ನಿಂದ ಮತ್ತೊಂದಕ್ಕೆ ವರ್ಗಾಯಿಸುವ ಕ್ರಿಯೆ. ಸೆಲ್ ಎಂಬುದು ಒಂದು ಗೋಪುರದ ಆಂಟೆನಾ ವ್ಯಾಪಿಸುವ ಪ್ರದೇಶ. ಸೇವಾಪ್ರದೇಶವನ್ನು ಹೀಗೆ ಸಣ್ಣ ಸಣ್ಣ ಭಾಗಗಳಾಗಿ ವಿಂಗಡಿಸಿ ಅದೇ ತರಂಗಾಂತರಗಳನ್ನು ಮರುಬಳಸುವ ಕಲ್ಪನೆಯನ್ನು ಅಮೆರಿಕದ ಬೆಲ್ ಪ್ರಯೋಗಾಲಯದ ಎಂಜಿನಿಯರುಗಳು 1947ರಲ್ಲಿ ಮಂಡಿಸಿದರು.

ಕಾರ್ಯವಿಧಾನ

ಫೋನು ತಾನಿರುವ ಸೆಲ್‌ನ ಜೊತೆಗೆ ನೆರೆಯ ಸೆಲ್‌ಗಳ ಸಂಕೇತವನ್ನೂ ಅಳೆಯುತ್ತಿರುತ್ತದೆ. ನೆರೆಯ ಸಂಕೇತವು ನಿಗದಿತ ಅಂತರದಷ್ಟು (ಉದಾಹರಣೆಗೆ 3 ಡೆಸಿಬೆಲ್) ಪ್ರಬಲವಾಗಿ, ನಿಗದಿತ ಅವಧಿಯವರೆಗೆ ಹಾಗೆಯೇ ಉಳಿದರೆ ಫೋನು ಜಾಲಕ್ಕೆ ವರದಿ ಮಾಡುತ್ತದೆ. ವರ್ಗಾವಣೆಯ ನಿರ್ಧಾರ ಸಾಮಾನ್ಯವಾಗಿ ಜಾಲದ್ದು. ಈ ಅಂತರ ಮತ್ತು ಅವಧಿಗಳನ್ನು ತೀರಾ ಕಡಿಮೆ ಇಟ್ಟರೆ ಫೋನು ಎರಡು ಸೆಲ್‌ಗಳ ನಡುವೆ ಪಿಂಗ್‌ಪಾಂಗ್ ಚೆಂಡಿನಂತೆ ಓಲಾಡುತ್ತದೆ. ಹೆಚ್ಚಿಟ್ಟರೆ ವರ್ಗಾವಣೆಗೆ ಮೊದಲೇ ಹಳೆಯ ಸಂಕೇತ ಕ್ಷೀಣಿಸಿ ಕರೆ ಕಡಿಯುತ್ತದೆ.

ದಟ್ಟ ಜಾಲಗಳಲ್ಲಿ

ಬಳಕೆದಾರರು ಹೆಚ್ಚಿದಂತೆ ಸೆಲ್‌ಗಳನ್ನು ಕಿರಿದಾಗಿಸುವುದು ಅನಿವಾರ್ಯ. ಆದರೆ ಗಂಟೆಗೆ 100 ಕಿ.ಮೀ. ವೇಗದ ವಾಹನವು 10 ಕಿ.ಮೀ. ಅಗಲದ ಸೆಲ್ ದಾಟಲು 6 ನಿಮಿಷ ಬೇಕು. 400 ಮೀಟರಿನದಕ್ಕೆ ಸುಮಾರು 14 ಸೆಕೆಂಡು ಸಾಕು. ಆದ್ದರಿಂದ ವೇಗವಾಗಿ ಚಲಿಸುವವರನ್ನು ದೊಡ್ಡ ಸೆಲ್‌ನಲ್ಲಿಯೇ ಇರಿಸಿ, ನಿಂತವರನ್ನೂ ನಡೆಯುವವರನ್ನೂ ಸಣ್ಣ ಸೆಲ್‌ಗಳಿಗೆ ಬಿಡುವ ಕ್ರಮವಿದೆ. ಏಕಕಾಲಕ್ಕೆ ಎರಡು ಕೇಂದ್ರಗಳೊಡನೆ ಸಂಪರ್ಕವಿರಿಸುವುದು ಇನ್ನೊಂದು ಉಪಾಯ. 5ಜಿಯ ಷರತ್ತುಬದ್ಧ ಹ್ಯಾಂಡೋವರ್‌ನಲ್ಲಿ ಜಾಲವು ಆದೇಶವನ್ನು ಮುಂಚಿತವಾಗಿಯೇ ಕೊಟ್ಟಿರುತ್ತದೆ. ಷರತ್ತು ಪೂರೈಸಿದ ಕ್ಷಣದಲ್ಲಿ ಫೋನು ತಾನೇ ಬದಲಾಗುತ್ತದೆ.

ಕೊಪ್ಪಳ ಜಿಲ್ಲೆಯ ನಿದರ್ಶನ

1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟ ಕೊಪ್ಪಳ ಜಿಲ್ಲೆಯ ಭೂರಚನೆಯಲ್ಲಿ ಈ ಸಮಸ್ಯೆಯ ಹಲವು ಮುಖಗಳನ್ನು ಕಾಣಬಹುದು. ಕುಷ್ಟಗಿ ಮತ್ತು ಯಲಬುರ್ಗಾದ ಎರೆಭೂಮಿಯಂತಹ ಬಯಲಿನಲ್ಲಿ ತರಂಗಗಳಿಗೆ ತಡೆ ಕಡಿಮೆ. ಅಲ್ಲಿ ವಿಶಾಲ ಸೆಲ್‌ಗಳು ಸಾಧ್ಯ. ಗಂಗಾವತಿ ತಾಲ್ಲೂಕಿನ ಆನೆಗೊಂದಿಯಲ್ಲಿ ಹಾಗಲ್ಲ. ಬೃಹತ್ ಕಲ್ಲುಗುಡ್ಡಗಳು ತರಂಗಗಳಿಗೆ ಅಡ್ಡಬರುವುದರಿಂದ ರಸ್ತೆಯ ಒಂದು ತಿರುವಿನಲ್ಲಿಯೇ ಸಂಕೇತ ಕುಸಿಯಬಹುದು, ಅಳತೆಗೆ ಕಾಲಾವಕಾಶವೂ ದೊರೆಯದಿರಬಹುದು. ಕೊಪ್ಪಳದ ಗವಿಮಠದ ಜಾತ್ರೆಗೆ ಲಕ್ಷಾಂತರ ಜನ ಸೇರುತ್ತಾರೆ. ಇಂತಹ ಸಂದಣಿಯಲ್ಲಿ ಸಂಕೇತ ಪ್ರಬಲವಾಗಿದ್ದರೂ ನೆರೆಯ ಸೆಲ್ ಭರ್ತಿಯಾಗಿದ್ದರೆ ಹ್ಯಾಂಡೋವರ್ ವಿಫಲವಾಗುತ್ತದೆ. ಫೋನಿನ ಪರದೆಯ ಮೇಲಿನ ಕಡ್ಡಿಗಳನ್ನು ನಂಬುವವರಿಗೆ ಇದು ತಿಳಿಯುವುದಿಲ್ಲ.

ಕರೆಕಡಿತ ಮತ್ತು ಪರಿಹಾರ

ಕಡಿದ ಪ್ರತಿ ಕರೆಗೆ 1 ರೂಪಾಯಿಯಂತೆ, ದಿನಕ್ಕೆ ಗರಿಷ್ಠ 3 ಕರೆಗಳಿಗೆ ಗ್ರಾಹಕರಿಗೆ ಪರಿಹಾರ ನೀಡಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು (ಟ್ರಾಯ್) 2015ರ ಅಕ್ಟೋಬರ್‌ನಲ್ಲಿ ನಿಯಮ ಹೊರಡಿಸಿತ್ತು. ಸರ್ವೋಚ್ಚ ನ್ಯಾಯಾಲಯವು 2016ರ ಮೇ 11ರಂದು ಇದನ್ನು ರದ್ದುಪಡಿಸಿತು. ಕರೆ ಕಡಿಯಲು ಕಂಪನಿಯ ಜಾಲವಷ್ಟೇ ಅಲ್ಲದೆ ಬೇರೆ ಕಾರಣಗಳೂ ಇರುತ್ತವೆಂಬುದು ವಾದದ ಒಂದು ಮುಖ್ಯ ಅಂಶವಾಗಿತ್ತು.